ಕ್ಯಾಬಿನ್ ಕ್ರೂ ಉದ್ಯೋಗಿಗಳಿಗೆ ವೇತನಸಹಿತ ಹೆರಿಗೆ ರಜೆ ಮತ್ತು ವೈದ್ಯಕೀಯ ರಜೆ: ತವರಿಗೆ ಬರುವ ಮುನ್ನ ಮಾಡಬೇಕಾದ ಕೆಲಸಗಳು

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಿಂದ ಹೋಗಿ ಬೆಂಗಳೂರು, ಹೈದರಾಬಾದ್ ಮೊದಲಾದ ಬೇಸ್‌ಗಳಲ್ಲಿ (ಹಾರಾಟದ ಕೆಲಸಕ್ಕೆ ನೆಲೆಯಾದ ಊರುಗಳಲ್ಲಿ) ವಿಮಾನಯಾನ ಸಂಸ್ಥೆಗಳ ಕ್ಯಾಬಿನ್ ಕ್ರೂ (ವಿಮಾನದೊಳಗೆ ಪ್ರಯಾಣಿಕರನ್ನು ನೋಡಿಕೊಳ್ಳುವ ಸಿಬ್ಬಂದಿ) ಆಗಿ ದುಡಿಯುತ್ತಿರುವ ಹೆಣ್ಣುಮಕ್ಕಳೂ ಅವರ ಮನೆಯವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ ಆಗಿದೆ: ಬಾಣಂತನಕ್ಕೆಂದು ತವರಿಗೆ ಬಂದರೆ ಸಂಬಳ ಬರುತ್ತದೆಯೇ, ಬಂದರೆ ಎಷ್ಟು ಬರುತ್ತದೆ? ಮೊದಲ ಭಾಗಕ್ಕೆ ಉತ್ತರ ಸುಲಭ. ಬದುಕಿರುವ ಮಕ್ಕಳು ಇಬ್ಬರಿಗಿಂತ ಕಡಿಮೆ ಇರುವ ಅರ್ಹರೆಲ್ಲರಿಗೂ 26 ವಾರಗಳ ವೇತನಸಹಿತ ಹೆರಿಗೆ ರಜೆ ಕಾನೂನಿನಿಂದಲೇ ಸಿಗುತ್ತದೆ. ಎರಡನೆಯ ಭಾಗಕ್ಕೆ ಉತ್ತರ ಮಾತ್ರ, ರಜೆ ಆರಂಭವಾಗುವುದಕ್ಕೆ ಐದಾರು ತಿಂಗಳು ಮೊದಲೇ, ಗರ್ಭ ನಿಂತ ಸುದ್ದಿಯನ್ನು ಕಂಪನಿಗೆ ತಿಳಿಸುವ ದಿನಗಳಲ್ಲೇ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಈ ಲೇಖನದ ಹೆಚ್ಚಿನ ಭಾಗವನ್ನು ಆ ದಿನಗಳಿಗೇ ಮೀಸಲಿಟ್ಟಿದ್ದೇನೆ.

ಯಾವ ಕಾನೂನು ಅನ್ವಯಿಸುತ್ತದೆ

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ 12 ವಾರಗಳ ರಜೆ 26 ವಾರಗಳಿಗೆ ಏರಿತು. 2025ರ ನವೆಂಬರ್ 21ರಂದು 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದ ಮೇಲೆ ಆ ಕಾಯ್ದೆಯ ಸ್ಥಾನವನ್ನು ಸಂಹಿತೆಯ ಆರನೆಯ ಅಧ್ಯಾಯ ತೆಗೆದುಕೊಂಡಿದೆ. ರಜೆಯ ಅವಧಿ, ಅರ್ಹತೆಯ ದಿನಗಳು ಮೊದಲಿನಂತೆಯೇ ಇವೆ. ಬದಲಾಗಿರುವ ಮುಖ್ಯ ಸಂಗತಿಗಳು ಎರಡು: 'ವೇತನ' ಎಂಬ ಪದದ ವ್ಯಾಖ್ಯೆ, ಮತ್ತು ವಿಮಾನಯಾನ ಸಂಸ್ಥೆಗಳ ಮೇಲೆ ಯಾವ ಸರ್ಕಾರದ ಅಧಿಕಾರ ನಡೆಯುತ್ತದೆ ಎಂಬುದು. ಎರಡನ್ನೂ ಅವುಗಳ ಜಾಗದಲ್ಲಿ ವಿವರಿಸುತ್ತೇನೆ.

ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮಾ ಯೋಜನೆ, ತಿಂಗಳಿಗೆ 21,000 ರೂಪಾಯಿವರೆಗಿನ ವೇತನದವರಿಗೆ ಅನ್ವಯಿಸುತ್ತದೆ. ನಿಮ್ಮ ಪೇ ಸ್ಲಿಪ್‌ನಲ್ಲಿ ಇಎಸ್‌ಐ ಕಡಿತ ಕಾಣುತ್ತಿದ್ದರೆ ನಿಮ್ಮ ಹೆರಿಗೆ ಹಣವನ್ನು ಕಂಪನಿಯ ಬದಲು ಇಎಸ್‌ಐ ನಿಗಮ ಕೊಡುತ್ತದೆ. ಅಲ್ಲಿ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ವಂತಿಗೆಯ ಲೆಕ್ಕ ಹಿಡಿಯುವ ತಲಾ ಆರು ತಿಂಗಳ ಅವಧಿಗಳಲ್ಲಿ) ಒಟ್ಟು 70 ದಿನಗಳ ವಂತಿಗೆ ಕಟ್ಟಿರಬೇಕು. ಹಾರಾಟದಲ್ಲಿರುವ ಕ್ರೂ ಪೈಕಿ ಬಹುತೇಕರ ವೇತನ ಈ ಮಿತಿಯನ್ನು ಮೀರಿರುವುದರಿಂದ ಮುಂದಿನ ಹಂತಗಳನ್ನು ಕಂಪನಿಯೇ ಹಣ ಕೊಡುವವರನ್ನು ಗಮನದಲ್ಲಿಟ್ಟುಕೊಂಡು ಬರೆದಿದ್ದೇನೆ.

ಕೈಯಲ್ಲಿರಬೇಕಾದ ಕಾಗದಪತ್ರಗಳು

ನೇಮಕಾತಿ ಪತ್ರ ಮತ್ತು ಅದರ ನಂತರ ಬಂದ ಎಲ್ಲ ವೇತನ ಪರಿಷ್ಕರಣೆ ಪತ್ರಗಳು, ಕಳೆದ 12 ತಿಂಗಳ ಪೇ ಸ್ಲಿಪ್‌ಗಳು, ಅದೇ ಅವಧಿಯ ರೋಸ್ಟರ್‌ಗಳು (ಯಾವ ದಿನ ಯಾವ ಕೆಲಸ ಎಂದು ತಿಂಗಳಿಗೊಮ್ಮೆ ಹೊರಬೀಳುವ ಪಟ್ಟಿ), ಕಂಪನಿಯ ರಜೆ ನೀತಿಯ ಪ್ರತಿ, ಗುಂಪು ವಿಮಾ ಪಾಲಿಸಿಯ ಪ್ರತಿ, ತಾಯಿ ಕಾರ್ಡ್ ಮತ್ತು ಸ್ಕ್ಯಾನಿಂಗ್ ವರದಿಗಳು ಬೇಕು. ಪೇ ಸ್ಲಿಪ್ ಮತ್ತು ರೋಸ್ಟರ್‌ಗಳನ್ನು ಇಂದೇ ನಿಮ್ಮ ಸ್ವಂತ ಇಮೇಲ್‌ಗೆ ಕಳುಹಿಸಿಟ್ಟುಕೊಳ್ಳಿ. ಗ್ರೌಂಡ್ ಆದ ಮೇಲೆ, ಅಂದರೆ ಹಾರಾಟದಿಂದ ಬಿಡಿಸಿದ ಮೇಲೆ, ಕ್ರೂ ಪೋರ್ಟಲ್‌ನ ಪ್ರವೇಶ ನಿಂತುಹೋಗಿ, ಬೇಕಾದಾಗ ಹಳೆಯ ರೋಸ್ಟರ್ ಸಿಗದೆ ಪರದಾಡಿದವರನ್ನು ನಾನು ಕಂಡಿದ್ದೇನೆ.

ನಮ್ಮ ಭಾಗದಲ್ಲಿ ಹೆಸರಿನ ತೊಡಕೊಂದು ಪದೇ ಪದೇ ಎದುರಾಗುತ್ತದೆ. ಕಂಪನಿಯ ದಾಖಲೆಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಇರುತ್ತದೆ. ತಾಯಿ ಕಾರ್ಡ್‌ನಲ್ಲಿ ಆಶಾ ಕಾರ್ಯಕರ್ತೆ ಮನೆಯಲ್ಲಿ ಕರೆಯುವ ಹೆಸರನ್ನೋ ಗಂಡನ ಮನೆತನದ ಹೆಸರನ್ನೋ ಬರೆದುಕೊಂಡಿರುತ್ತಾರೆ. ಅದೇ ಹೆಸರು ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶಕ್ಕೂ, ಅಲ್ಲಿಂದ ಮಗುವಿನ ಜನನ ಪ್ರಮಾಣಪತ್ರಕ್ಕೂ ಹರಿದುಹೋಗುತ್ತದೆ. ತಾಯಿ ಕಾರ್ಡ್ ಮಾಡಿಸುವ ಮೊದಲ ದಿನವೇ ಪಾಸ್‌ಪೋರ್ಟ್ ಪ್ರತಿಯನ್ನು ಕೊಟ್ಟು ಅಕ್ಷರ ಅಕ್ಷರವೂ ಹಾಗೆಯೇ ಬರೆಸಿ.

ಹಂತ 1: ಗರ್ಭ ಖಚಿತವಾದ ಕೂಡಲೇ ಬರವಣಿಗೆಯಲ್ಲಿ ತಿಳಿಸಿ

ಗರ್ಭಿಣಿ ಎಂದು ತಿಳಿಸಿದ ಕೂಡಲೇ ಕಂಪನಿಗಳು ಕ್ರೂ ಸದಸ್ಯೆಯನ್ನು ಹಾರಾಟದಿಂದ ಬಿಡಿಸುತ್ತವೆ. ಇದನ್ನೇ ಗ್ರೌಂಡ್ ಮಾಡುವುದು ಎನ್ನುತ್ತಾರೆ. ಎತ್ತರದಲ್ಲಿ ವಿಕಿರಣ ಹೆಚ್ಚು, ವಿಮಾನ ಕುಲುಕಿದಾಗ ಬೀಳುವ ಅಪಾಯವುಂಟು, ಭಾರದ ಟ್ರಾಲಿಗಳನ್ನು ಎಳೆಯಬೇಕು, ರಾತ್ರಿ ಪಾಳಿ ತಪ್ಪದು. ಹಾಗಾಗಿ ಈ ಕ್ರಮ ನಿಮ್ಮ ಮತ್ತು ಮಗುವಿನ ಒಳಿತಿಗೇ ಇದೆ. ಹಾರಾಟ ಭತ್ಯೆ ತಪ್ಪುತ್ತದೆ ಎಂಬ ಕಾರಣಕ್ಕೆ ಸುದ್ದಿಯನ್ನು ಮುಚ್ಚಿಟ್ಟು ಎರಡು ಮೂರು ತಿಂಗಳು ಹಾರುವುದನ್ನು ದಯವಿಟ್ಟು ಮಾಡಬೇಡಿ.

ವೈದ್ಯರ ಪ್ರಮಾಣಪತ್ರದಲ್ಲಿ ಮೂರು ವಿವರಗಳು ಇರಲೇಬೇಕು: ಕೊನೆಯ ಮುಟ್ಟಿನ ಮೊದಲ ದಿನ, ಹೆರಿಗೆಯ ನಿರೀಕ್ಷಿತ ದಿನಾಂಕ, ವೈದ್ಯರ ಹೆಸರಿನೊಡನೆ ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ. ಚೀಟಿಯ ಮೇಲೆ ಗೀಚಿಕೊಟ್ಟ ಔಷಧಿ ಪಟ್ಟಿ ಸಾಲದು. ಆಸ್ಪತ್ರೆಯ ಮುದ್ರಿತ ಹಾಳೆಯ ಮೇಲೆಯೇ ಬರೆಸಿಕೊಳ್ಳಿ. ಅದನ್ನು ಮಾನವ ಸಂಪನ್ಮೂಲ ವಿಭಾಗಕ್ಕೂ, ಕಂಪನಿಯ ವೈದ್ಯಕೀಯ ವಿಭಾಗಕ್ಕೂ, ನಿಮ್ಮ ಬೇಸ್ ಮ್ಯಾನೇಜರ್‌ಗೂ ಒಂದೇ ಇಮೇಲ್‌ನಲ್ಲಿ ಕಳುಹಿಸಿ. ಫೋನಿನಲ್ಲಿ ಹೇಳಿದ ಮಾತು ಮುಂದೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಗರ್ಭಿಣಿಯಾದಳೆಂದು ಕೆಲಸದಿಂದ ತೆಗೆಯುತ್ತಾರೆಯೇ ಎಂಬ ಭಯ ನಮ್ಮ ಊರಿನ ಹಿರಿಯರಲ್ಲಿ ಇನ್ನೂ ಇದೆ. ಒಂದು ಕಾಲಕ್ಕೆ ಏರ್ ಇಂಡಿಯಾ ನಿಯಮದಲ್ಲಿ ಮೊದಲ ಗರ್ಭಕ್ಕೇ ಸೇವೆ ಕೊನೆಗೊಳ್ಳುವ ಷರತ್ತಿತ್ತು. ನರ್ಗೇಶ್ ಮಿರ್ಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1981ರಲ್ಲಿ ಆ ಷರತ್ತನ್ನು ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಇಂದು ಹೆರಿಗೆ ರಜೆಯಲ್ಲಿರುವವರನ್ನು ಅದೇ ಕಾರಣಕ್ಕೆ ವಜಾ ಮಾಡುವುದೂ, ಅವರ ಸೇವಾ ಷರತ್ತುಗಳನ್ನು ಕೆಡಿಸುವುದೂ ಕಾನೂನುಬಾಹಿರ. ನಿಮ್ಮದು ಅವಧಿ ಗೊತ್ತುಪಡಿಸಿದ ಗುತ್ತಿಗೆ ನೇಮಕವಾಗಿದ್ದು, ಗುತ್ತಿಗೆ ರಜೆಯ ನಡುವೆ ಮುಗಿಯುವುದಾದರೆ 2023ರ ಡಾ. ಕವಿತಾ ಯಾದವ್ ಪ್ರಕರಣದ ತೀರ್ಪನ್ನು ನೆನಪಿಡಿ: ಅರ್ಹತೆ ಒಮ್ಮೆ ಪೂರ್ಣಗೊಂಡರೆ, ಗುತ್ತಿಗೆಯ ಅವಧಿ ಮುಗಿದ ಮೇಲೂ ಹೆರಿಗೆ ಸೌಲಭ್ಯ ಪೂರ್ತಿಯಾಗಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ.

ಹಂತ 2: ಗ್ರೌಂಡ್ ಡ್ಯೂಟಿಯನ್ನು ಬರವಣಿಗೆಯಲ್ಲಿ ಕೇಳಿ

ಅತಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ. ಹೆರಿಗೆ ಸೌಲಭ್ಯಕ್ಕೆ ಅರ್ಹರಾಗಲು ನಿರೀಕ್ಷಿತ ದಿನಾಂಕಕ್ಕೆ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ವೇತನಸಹಿತ ರಜಾದಿನಗಳು ಈ ಲೆಕ್ಕಕ್ಕೆ ಸೇರುತ್ತವೆ. ವೇತನರಹಿತ ರಜೆ ಸೇರುವುದಿಲ್ಲ. ಹಾರಾಟ ನಿಂತ ದಿನದಿಂದ ಹೆರಿಗೆ ರಜೆ ಆರಂಭವಾಗುವವರೆಗೆ ಕಂಪನಿಯು ನೆಲದ ಮೇಲಿನ ಕೆಲಸ ಕೊಟ್ಟರೆ ದಿನಗಳೂ ಕೂಡುತ್ತವೆ, ಮೂಲ ವೇತನವೂ ಬರುತ್ತದೆ. ಕೆಲಸವಿಲ್ಲವೆಂದು ವೇತನರಹಿತ ರಜೆಯಲ್ಲಿ ಕೂರಿಸಿದರೆ ಎರಡೂ ಕೈತಪ್ಪುತ್ತವೆ.

ಉದಾಹರಣೆಗೆ ಒಬ್ಬರ ನಿರೀಕ್ಷಿತ ಹೆರಿಗೆ ದಿನಾಂಕ 2026ರ ಆಗಸ್ಟ್ 15 ಎಂದಿಟ್ಟುಕೊಳ್ಳೋಣ. ಅವರ ಕೊನೆಯ ಮುಟ್ಟು 2025ರ ನವೆಂಬರ್ 8ರಂದು ಆಗಿರುತ್ತದೆ. ಡಿಸೆಂಬರ್ ನಡುವಿನಲ್ಲಿ ಗರ್ಭ ಖಚಿತವಾಗಿ ಹಾರಾಟ ನಿಲ್ಲುತ್ತದೆ. ಹಳೆಯ ಉದ್ಯೋಗಿಗೆ ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ದಿನಗಳಲ್ಲೇ 80 ದಿನ ತುಂಬಿರುತ್ತದೆ. ಆದರೆ ಅಕ್ಟೋಬರ್ ಕೊನೆಯಲ್ಲಿ ಕೆಲಸಕ್ಕೆ ಸೇರಿದವರಿಗೆ ಡಿಸೆಂಬರ್ ವೇಳೆಗೆ 50 ದಿನವೂ ಆಗಿರುವುದಿಲ್ಲ. ಅಂಥವರು ವೇತನರಹಿತ ರಜೆಗೆ ಸಹಿ ಹಾಕಿದರೆ 26 ವಾರಗಳ ವೇತನವನ್ನೇ ಕಳೆದುಕೊಳ್ಳುತ್ತಾರೆ.

ಆದ್ದರಿಂದ ಹಂತ 1ರ ಇಮೇಲ್‌ನಲ್ಲೇ ಈ ಅರ್ಥದ ಒಂದು ವಾಕ್ಯವನ್ನು ಸೇರಿಸಿ: 'ನಾನು ಕೆಲಸ ಮಾಡಲು ಸಿದ್ಧಳಿದ್ದೇನೆ, ನನ್ನ ಸ್ಥಿತಿಗೆ ಹೊಂದುವ ನೆಲದ ಮೇಲಿನ ಕೆಲಸವನ್ನು ಕೊಡಬೇಕೆಂದು ಕೋರುತ್ತೇನೆ.' ತರಬೇತಿ ಕೇಂದ್ರ, ರೋಸ್ಟರ್ ವಿಭಾಗ, ದಾಖಲೆ ವಿಭಾಗ ಎಂದು ಸಾಧ್ಯವಿರುವ ಜಾಗಗಳನ್ನು ನೀವೇ ಸೂಚಿಸಿದರೆ ಇನ್ನೂ ಒಳ್ಳೆಯದು. ವೇತನರಹಿತ ರಜೆಯ ಅರ್ಜಿಯನ್ನು ತುಂಬಿ ಸಹಿ ಮಾಡಿ ಎಂದು ಯಾರಾದರೂ ಹೇಳಿದರೆ ಅದನ್ನು ನಿಮ್ಮ ಕೋರಿಕೆ ಎಂದು ಬರೆದುಕೊಡಬೇಡಿ. ಕಂಪನಿ ತಾನಾಗಿ ಆ ರಜೆ ಹಾಕುವುದಾದರೆ ಆದೇಶ ಕಂಪನಿಯದೇ ಆಗಿರಲಿ.

ನೆಲದ ಕೆಲಸ ಸಿಕ್ಕ ಮೇಲೂ ಒಂದು ಎಚ್ಚರಿಕೆ ಬೇಕು. ನಿರೀಕ್ಷಿತ ದಿನಾಂಕಕ್ಕೆ ಹಿಂದಿನ ಆರು ವಾರಗಳಿಗೂ ಮೊದಲಿನ ಒಂದು ತಿಂಗಳ ಅವಧಿಯಲ್ಲಿ ಶ್ರಮದಾಯಕ ಕೆಲಸವನ್ನಾಗಲಿ ದೀರ್ಘಕಾಲ ನಿಂತು ಮಾಡುವ ಕೆಲಸವನ್ನಾಗಲಿ ಕೊಡಬಾರದೆಂದು ಕೇಳುವ ಹಕ್ಕು ನಿಮಗಿದೆ. ಚೆಕ್-ಇನ್ ಕೌಂಟರಿನಲ್ಲಿ ಇಡೀ ಪಾಳಿ ನಿಲ್ಲಿಸುವುದು ಈ ಮಾತಿಗೆ ನೇರವಾಗಿ ಒಳಪಡುತ್ತದೆ. ನೀವು ಕೇಳಿದರಷ್ಟೇ ಈ ರಕ್ಷಣೆ ಜಾರಿಗೆ ಬರುತ್ತದೆ.

ಹಂತ 3: ಹೆರಿಗೆ ವೇತನದ ಲೆಕ್ಕವನ್ನು ಮೊದಲೇ ಮಾಡಿನೋಡಿ

ಹೆರಿಗೆ ರಜೆಯಲ್ಲಿ ಸಿಗುವುದು 'ಸರಾಸರಿ ದೈನಿಕ ವೇತನ'. ನೀವು ರಜೆಗೆ ಹೋಗುವ ದಿನಕ್ಕೆ ತೀರ ಹಿಂದಿನ ಮೂರು ತಿಂಗಳಲ್ಲಿ ಕೆಲಸ ಮಾಡಿದ ದಿನಗಳಿಗೆ ಸಲ್ಲಬೇಕಾದ ವೇತನದ ಸರಾಸರಿಯೇ ಅದು. ಕಚೇರಿ ಕೆಲಸದವರಿಗೆ ಇದರಿಂದ ತೊಂದರೆಯಿಲ್ಲ, ಏಕೆಂದರೆ ಅವರ ಸಂಬಳ ತಿಂಗಳಿಂದ ತಿಂಗಳಿಗೆ ಬದಲಾಗುವುದಿಲ್ಲ. ಕ್ಯಾಬಿನ್ ಕ್ರೂ ಸಂಬಳ ಮಾತ್ರ ಎರಡು ಮೂರು ತುಂಡುಗಳಲ್ಲಿ ಬರುತ್ತದೆ: ನಿಗದಿತ ವೇತನ, ಹಾರಿದ ಗಂಟೆಗಳಿಗೆ ತಕ್ಕಂತೆ ಬರುವ ಹಾರಾಟ ಭತ್ಯೆ, ಬೇರೆ ಊರಿನಲ್ಲಿ ತಂಗಿದಾಗ ಬರುವ ಲೇಓವರ್ ಭತ್ಯೆ. ಮೇಲಿನ ಉದಾಹರಣೆಯಲ್ಲಿ ರಜೆ ಜೂನ್ 20ಕ್ಕೆ ಆರಂಭವಾದರೆ ಲೆಕ್ಕಕ್ಕೆ ಬರುವುದು ಹೆಚ್ಚುಕಡಿಮೆ ಮಾರ್ಚ್ ನಡುವಿನಿಂದ ಜೂನ್ ನಡುವಿನವರೆಗಿನ ಅವಧಿ. ಆ ಅವಧಿಯಲ್ಲಿ ಒಂದು ಗಂಟೆಯೂ ಹಾರಿರುವುದಿಲ್ಲ. ಡಿಸೆಂಬರ್‌ವರೆಗೆ ಕೈಗೆ ಬರುತ್ತಿದ್ದ ಮೊತ್ತವನ್ನೇ ನಿರೀಕ್ಷಿಸಿದವರಿಗೆ ಜುಲೈ ತಿಂಗಳ ಪೇ ಸ್ಲಿಪ್ ನೋಡಿ ಆಘಾತವಾಗುವುದು ಇದೇ ಕಾರಣಕ್ಕೆ. ಮನೆ ಸಾಲದ ಕಂತು, ಊರಿಗೆ ಕಳುಹಿಸುವ ಹಣ, ಕುಬಸದ ಖರ್ಚು ಇವನ್ನೆಲ್ಲ ನಿಗದಿತ ವೇತನದ ಆಧಾರದ ಮೇಲೆಯೇ ಅಂದಾಜು ಮಾಡಿಕೊಳ್ಳಿ.

ಹೊಸ ಸಂಹಿತೆಯ ವೇತನ ವ್ಯಾಖ್ಯೆ ಇಲ್ಲಿ ಸ್ವಲ್ಪ ನೆರವಿಗೆ ಬರುತ್ತದೆ. ಮೂಲ ವೇತನ, ತುಟ್ಟಿಭತ್ಯೆ ಮತ್ತು ಉಳಿಕೆ ಭತ್ಯೆ (ಉದ್ಯೋಗಿಯನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಕೊಡುವ ಭತ್ಯೆ) ಸೇರಿ ವೇತನವೆನಿಸುತ್ತವೆ. ಮನೆ ಬಾಡಿಗೆ ಭತ್ಯೆ, ಹೆಚ್ಚುವರಿ ಸಮಯದ ಭತ್ಯೆ, ಕೆಲಸದ ಸ್ವರೂಪದಿಂದ ಬರುವ ವಿಶೇಷ ಖರ್ಚಿಗೆಂದು ಕೊಡುವ ಹಣ ಮೊದಲಾದವು ಹೊರಗುಳಿಯುತ್ತವೆ. ಆದರೆ ಹೀಗೆ ಹೊರಗಿಟ್ಟ ಭತ್ಯೆಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದ ಭಾಗವನ್ನು ವೇತನಕ್ಕೇ ಸೇರಿಸಬೇಕು. ಮೂಲ ವೇತನವನ್ನು ಚಿಕ್ಕದಾಗಿಟ್ಟು ನಿಗದಿತ ಸಂಬಳದ ಉಳಿದುದನ್ನೆಲ್ಲ ಭತ್ಯೆಯ ರೂಪದಲ್ಲಿ ಕೊಡುವ ಕಡೆ ಇದರಿಂದ ಸರಾಸರಿ ಏರುತ್ತದೆ. ನಿಮ್ಮ ಯಾವ ಭತ್ಯೆಯನ್ನು ಯಾವ ಗುಂಪಿಗೆ ಹಾಕಿದ್ದಾರೆ, ಸರಾಸರಿಗೆ ಯಾವ ಮೂರು ತಿಂಗಳನ್ನು ಹಿಡಿದಿದ್ದಾರೆ ಎಂಬ ಎರಡೇ ಪ್ರಶ್ನೆಗಳನ್ನು ರಜೆಗೆ ಮೊದಲು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಜೋಪಾನವಾಗಿಡಿ.

ವಾರ ಎಂದರೆ ಏಳು ದಿನ. ವಾರದ ರಜಾದಿನಗಳನ್ನು ಕಳೆದು ಆರು ದಿನಕ್ಕಷ್ಟೇ ಹಣ ಕೊಡುವಂತಿಲ್ಲ ಎಂದು 1977ರಲ್ಲೇ ಬಿ. ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. 26 ವಾರಗಳಿಗೆ 182 ದಿನಗಳ ಹಣ ಸಲ್ಲಬೇಕು.

ಹಂತ 4: ದಿನಾಂಕ ನಿಗದಿಪಡಿಸಿ ನೋಟಿಸ್ ಕೊಡಿ

26 ವಾರಗಳಲ್ಲಿ ನಿರೀಕ್ಷಿತ ದಿನಾಂಕಕ್ಕೆ ಮೊದಲು ಹೆಚ್ಚೆಂದರೆ 8 ವಾರ ತೆಗೆದುಕೊಳ್ಳಬಹುದು. ನಮ್ಮ ಉದಾಹರಣೆಯಲ್ಲಿ ಆ ದಿನ ಜೂನ್ 20. ಅಂದಿನಿಂದ ಎಣಿಸಿದರೆ ರಜೆಯ ಕೊನೆಯ ದಿನ ಡಿಸೆಂಬರ್ 18. ಎಂಟು ವಾರವನ್ನೂ ಮೊದಲೇ ಬಳಸಬೇಕೆಂಬ ಕಡ್ಡಾಯವಿಲ್ಲ. ನೆಲದ ಕೆಲಸ ಹಗುರವಾಗಿದ್ದು ವೈದ್ಯರ ಒಪ್ಪಿಗೆಯಿದ್ದರೆ ತಡವಾಗಿ ಆರಂಭಿಸಿ ಮಗುವಿನೊಡನೆ ಹೆಚ್ಚು ದಿನ ಕಳೆಯಬಹುದು. ಆದರೆ ಬೆಂಗಳೂರಿನಿಂದ ಊರಿಗೆ ರಾತ್ರಿಯಿಡೀ ರೈಲಿನಲ್ಲಿ ಬರಬೇಕಾದವರು ಕೊನೆಯ ವಾರಗಳವರೆಗೆ ಕಾಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಬದುಕಿರುವ ಇಬ್ಬರು ಅಥವಾ ಹೆಚ್ಚು ಮಕ್ಕಳಿದ್ದರೆ ರಜೆ 12 ವಾರ, ಅದರಲ್ಲಿ ಹೆರಿಗೆಗೆ ಮೊದಲು 6 ವಾರ ಮಾತ್ರ. ಮಗುವನ್ನು ದತ್ತು ಪಡೆದ ತಾಯಿಗೆ ಮಗು ಕೈಸೇರಿದ ದಿನದಿಂದ 12 ವಾರ ಸಿಗುತ್ತದೆ.

ನೋಟಿಸ್‌ನಲ್ಲಿ ರಜೆ ಆರಂಭವಾಗುವ ದಿನಾಂಕ, ಆ ಅವಧಿಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲವೆಂಬ ಹೇಳಿಕೆ, ಹಣ ಪಡೆಯಬಹುದಾದ ನಾಮಿನಿಯ ಹೆಸರು ಇರಬೇಕು. ನಾಮಿನಿಯ ಜಾಗವನ್ನು ಖಾಲಿ ಬಿಡಬೇಡಿ. ಅವಧಿಗೆ ಮೊದಲೇ ಹೆರಿಗೆಯಾಗಿ ನೋಟಿಸ್ ಕೊಡಲು ಆಗದಿದ್ದರೆ ಹೆರಿಗೆಯ ನಂತರ ಬೇಗನೆ ಕೊಡಬಹುದು. ನೋಟಿಸ್ ಕೊಡಲಿಲ್ಲವೆಂಬ ಒಂದೇ ಕಾರಣಕ್ಕೆ ಹಕ್ಕು ಹೋಗುವುದಿಲ್ಲ.

ಹಂತ 5: ಹಣ ಪಡೆಯುವುದು

ಹೆರಿಗೆಗೆ ಹಿಂದಿನ ಅವಧಿಯ ಹಣವನ್ನು ಗರ್ಭಧಾರಣೆಯ ಪುರಾವೆ ಕೊಟ್ಟಾಗ ಮುಂಗಡವಾಗಿಯೇ ಕೊಡಬೇಕು; ಉಳಿದ ಅವಧಿಯ ಹಣವನ್ನು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಗಳೊಳಗೆ ಕೊಡಬೇಕು. ಪ್ರತಿ ತಿಂಗಳ ಸಂಬಳದಂತೆ ಹಾಕುವ ರೂಢಿಯೂ ಇದೆ. ನಿಮಗೆ ಅದು ಒಪ್ಪಿಗೆಯಾದರೆ ಸರಿ. ಆದರೆ ಕಾನೂನು ಏನನ್ನುತ್ತದೆ ಎಂಬುದು ಗೊತ್ತಿರಲಿ. ಹೆರಿಗೆಗೆ ಮೊದಲು ಮತ್ತು ನಂತರದ ಆರೈಕೆಯನ್ನು ಕಂಪನಿ ಉಚಿತವಾಗಿ ಒದಗಿಸದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ ಕೂಡ ಸಲ್ಲುತ್ತದೆ.

ಪುರಾವೆ ಎಂದರೆ ಮೊದಲಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಾರಾಂಶ, ಬಳಿಕ ಜನನ ಪ್ರಮಾಣಪತ್ರ. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ಬಳ್ಳಾರಿಯ ಬಿಎಂಸಿಆರ್‌ಸಿ (ಹಿಂದಿನ ವಿಮ್ಸ್), ರಾಯಚೂರಿನ ರಿಮ್ಸ್‌ನಂಥ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ಊರಿನ ಖಾಸಗಿ ನರ್ಸಿಂಗ್ ಹೋಮ್‌ನಲ್ಲಾಗಲಿ ಹೆರಿಗೆಯಾದರೆ, ನೋಂದಣಿಗೆ ಹೋಗುವ ಫಾರಂ ತುಂಬುವಾಗ ಮನೆಯವರೊಬ್ಬರು ಪಕ್ಕದಲ್ಲಿ ನಿಂತು ತಾಯಿಯ ಹೆಸರನ್ನು ಪರಿಶೀಲಿಸಲಿ. ಕಂಪನಿಯ ಗುಂಪು ವಿಮೆಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳ ಪಟ್ಟಿಯಲ್ಲಿ ನಮ್ಮ ಜಿಲ್ಲೆಗಳ ಹೆಸರು ವಿರಳ. ಕೈಯಿಂದ ಹಣ ಕಟ್ಟಿ ನಂತರ ಮರಳಿ ಪಡೆಯುವುದಾದರೆ ಪ್ರತಿ ಬಿಲ್ಲಿನ ಮೂಲ ಪ್ರತಿ ಬೇಕು. ನವಜಾತ ಶಿಶುವನ್ನು ಪಾಲಿಸಿಗೆ ಸೇರಿಸಲು ಕೊಟ್ಟಿರುವ ಗಡುವನ್ನು ಹೆರಿಗೆಗೆ ಮೊದಲೇ ಓದಿಕೊಂಡಿರಿ.

ಹಂತ 6: ಗರ್ಭ ಉಳಿಯದೆ ಹೋದಾಗ, ಆರೋಗ್ಯ ಕೆಟ್ಟಾಗ

ಈ ಭಾಗವನ್ನು ಬರೆಯುವುದು ಕಷ್ಟ, ಆದರೆ ಇದನ್ನು ಕೇಳಲು ಸಂಕೋಚಪಟ್ಟು ಹಕ್ಕು ಬಿಟ್ಟುಕೊಟ್ಟವರು ಅನೇಕರಿದ್ದಾರೆ. ಗರ್ಭಪಾತವಾದರೆ ಅಥವಾ ವೈದ್ಯಕೀಯ ಕಾರಣಕ್ಕೆ ಗರ್ಭ ತೆಗೆಸಬೇಕಾದರೆ, ಮರುದಿನದಿಂದ 6 ವಾರಗಳ ವೇತನಸಹಿತ ರಜೆ ಸಿಗುತ್ತದೆ. ಇದನ್ನು ನಿಮ್ಮ ಅನಾರೋಗ್ಯ ರಜೆಯ ಖಾತೆಯಿಂದ ಕಳೆಯುವಂತಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆಗೆ 2 ವಾರ. ಗರ್ಭ, ಹೆರಿಗೆ, ಅವಧಿಪೂರ್ವ ಜನನ, ಗರ್ಭಪಾತ ಇವುಗಳಿಂದ ಉಂಟಾದ ಕಾಯಿಲೆಗೆ ಇವೆಲ್ಲಕ್ಕೂ ಮೇಲೆ ಗರಿಷ್ಠ ಒಂದು ತಿಂಗಳ ವೇತನಸಹಿತ ರಜೆ ಇದೆ. ವೈದ್ಯರ ಪತ್ರದಲ್ಲಿ ಕಾಯಿಲೆಗೂ ಗರ್ಭಕ್ಕೂ ಇರುವ ಸಂಬಂಧವನ್ನು ಸ್ಪಷ್ಟವಾಗಿ ಬರೆಸಿಕೊಳ್ಳಿ. 'ವಿಶ್ರಾಂತಿ ಅಗತ್ಯ' ಎಂಬ ಎರಡು ಪದಗಳು ಸಾಲವು.

ಹೆರಿಗೆಗೆ ಸಂಬಂಧಿಸದ ಕಾಯಿಲೆಗಳಿಗೆ ಕಂಪನಿಯ ಅನಾರೋಗ್ಯ ರಜೆ ನೀತಿಯೇ ಆಧಾರ. ಇಎಸ್‌ಐ ವ್ಯಾಪ್ತಿಯಲ್ಲಿರುವವರಿಗೆ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಸಿಗುತ್ತದೆ. ವಿಮಾನ ಕುಲುಕಿ ಬಿದ್ದು ಬೆನ್ನಿಗೆ ಪೆಟ್ಟಾದರೆ, ಗ್ಯಾಲಿಯಲ್ಲಿ, ಅಂದರೆ ವಿಮಾನದ ಅಡುಗೆ ಮೂಲೆಯಲ್ಲಿ, ಬಿಸಿನೀರು ಚೆಲ್ಲಿ ಸುಟ್ಟರೆ ಅದನ್ನು ಅನಾರೋಗ್ಯ ರಜೆಯೆಂದು ತೋರಿಸಿ ಸುಮ್ಮನಾಗಬೇಡಿ. ಅದು ಕೆಲಸದಿಂದಾದ ಗಾಯ. ಅದರ ಪರಿಹಾರದ ನಿಯಮಗಳು ಬೇರೆ. ಆ ವಿಮಾನ ಇಳಿದ ದಿನವೇ ಘಟನಾ ವರದಿಯಲ್ಲಿ ನಿಮ್ಮ ಹೆಸರು, ಗಾಯದ ವಿವರ ದಾಖಲಾಗಲಿ.

ತಂದೆಯಾಗುವ ಪುರುಷ ಕ್ರೂ ಸದಸ್ಯರಿಗೆ ಖಾಸಗಿ ವಲಯದಲ್ಲಿ ಕಾನೂನಿನ ಪಿತೃತ್ವ ರಜೆ ಇಲ್ಲ. ಕೇಂದ್ರ ಸರ್ಕಾರಿ ನೌಕರರಿಗಿರುವ 15 ದಿನಗಳ ರಜೆ ಅವರಿಗೆ ಅನ್ವಯಿಸುವುದಿಲ್ಲ. ಕಂಪನಿಯ ನೀತಿಯಲ್ಲಿರುವಷ್ಟೇ ಸಿಗುತ್ತದೆ. ಇದು ಬದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಲ್ಲಿ ದೇಶದ ಸಂಸ್ಥೆಗಳಲ್ಲಿ ಇರುವವರಿಗೆ ಈ 26 ವಾರಗಳ ಮಾತು ಹೊಂದುವುದಿಲ್ಲ. ಯುಎಇ ಕಾರ್ಮಿಕ ಕಾನೂನಿನಲ್ಲಿ ಹೆರಿಗೆ ರಜೆ 60 ದಿನ. ಮೊದಲ 45 ದಿನ ಪೂರ್ಣ ವೇತನ, ಉಳಿದ 15 ದಿನ ಅರ್ಧ ವೇತನ. ಅಲ್ಲಿನವರು ತಮ್ಮ ಒಪ್ಪಂದದಲ್ಲಿ ಇದಕ್ಕಿಂತ ಹೆಚ್ಚಿನದೇನಾದರೂ ಇದೆಯೇ ಎಂದು ನೋಡಿಕೊಳ್ಳಬೇಕು.

ಹಂತ 7: ಮತ್ತೆ ಹಾರಾಟಕ್ಕೆ

ಹೆರಿಗೆಯಾದ ಮೊದಲ 6 ವಾರ ಯಾವ ಕಾರಣಕ್ಕೂ ಕೆಲಸ ಮಾಡಿಸುವಂತಿಲ್ಲ. ರಜೆ ಮುಗಿದ ದಿನವೇ ವಿಮಾನ ಹತ್ತಬಹುದೆಂದೂ ಭಾವಿಸಬೇಡಿ. ವೈದ್ಯಕೀಯ ಅರ್ಹತೆಯ ಪ್ರಮಾಣಪತ್ರ ಬೇಕು. ಸುರಕ್ಷತೆ ಮತ್ತು ತುರ್ತು ಕ್ರಮಗಳ ವಾರ್ಷಿಕ ತರಬೇತಿಯ ಅವಧಿ ಈ ನಡುವೆ ಮುಗಿದಿದ್ದರೆ ಅದನ್ನು ಮತ್ತೆ ಪೂರೈಸಬೇಕು. ಇವೆಲ್ಲ ಮುಗಿದು ರೋಸ್ಟರ್‌ನಲ್ಲಿ ಹೆಸರು ಬರುವವರೆಗೆ ಹಾರಾಟ ಭತ್ಯೆ ಬರುವುದಿಲ್ಲ. ರಜೆ ಮುಗಿಯಲು ಆರು ವಾರ ಇರುವಾಗಲೇ ವೈದ್ಯಕೀಯ ಪರೀಕ್ಷೆ ಮತ್ತು ತರಬೇತಿಯ ದಿನಾಂಕ ಕೊಡಿ ಎಂದು ಇಮೇಲ್ ಬರೆಯಿರಿ.

ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಾರಿ ಹಾಲುಣಿಸುವ ವಿರಾಮ, 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಸೌಲಭ್ಯ ಕಾನೂನಿನಲ್ಲಿವೆ. ಆಕಾಶದಲ್ಲಿ ಇವುಗಳಿಂದ ಪ್ರಯೋಜನ ಕಡಿಮೆ ಎಂಬುದು ನಿಜ. ಅದಕ್ಕಾಗಿಯೇ ಮೊದಲ ಕೆಲವು ತಿಂಗಳು ಅದೇ ದಿನ ಬೇಸ್‌ಗೆ ಮರಳುವ ಹಾರಾಟಗಳನ್ನೇ ಕೊಡಿ ಎಂದು ಕೋರಿ. ಕೋರಿಕೆಯಲ್ಲಿ ಮಗುವಿನ ವಯಸ್ಸನ್ನು ನಮೂದಿಸಿ.

ಹಂತ 8: ಹಣ ಬಾರದಿದ್ದರೆ ಎಲ್ಲಿ ದೂರು ಕೊಡಬೇಕು

ಮೊದಲು ಕಂಪನಿಗೆ ಲಿಖಿತ ಮನವಿ ಕೊಟ್ಟು ಹದಿನೈದು ದಿನ ಕಾಯಿರಿ. ಉತ್ತರ ಬಾರದಿದ್ದರೆ ಅನೇಕರು ತಮ್ಮ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುತ್ತಾರೆ. ಅದು ರಾಜ್ಯ ಸರ್ಕಾರದ ಕಚೇರಿ. ಹೊಸ ಸಂಹಿತೆಯ ಪ್ರಕಾರ ವಿಮಾನ ಸಾರಿಗೆ ಸೇವೆಗೆ ಸಂಬಂಧಪಟ್ಟ ಸರ್ಕಾರ ಕೇಂದ್ರ ಸರ್ಕಾರ. ಆದ್ದರಿಂದ ದೂರು ಕೇಂದ್ರ ಮುಖ್ಯ ಕಾರ್ಮಿಕ ಆಯುಕ್ತರ ಸಂಘಟನೆಯ ಅಧಿಕಾರಿಗೆ ಹೋಗಬೇಕು. ಕೇಂದ್ರ ಕಾರ್ಮಿಕ ಸಚಿವಾಲಯದ 'ಸಮಾಧಾನ್' ಜಾಲತಾಣದ ಮೂಲಕ ಊರಿನಲ್ಲೇ ಕುಳಿತು ಸಲ್ಲಿಸಬಹುದು. ಇಲ್ಲಿ ವಿಚಾರಣೆ ನಡೆಸುವ ಅಧಿಕಾರಿಯನ್ನು ಈಗ ನಿರೀಕ್ಷಕ-ಸಹಾಯಕ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ದೂರಿನೊಡನೆ ಹಂತ 1 ಮತ್ತು 2ರ ಇಮೇಲ್‌ಗಳು, ಮೂರು ತಿಂಗಳ ಪೇ ಸ್ಲಿಪ್, ನಿಮ್ಮದೇ ಲೆಕ್ಕದ ಒಂದು ಪುಟ ಸೇರಿಸಿ.

ಗರ್ಭ ಅಥವಾ ಹೆರಿಗೆ ರಜೆಯ ಕಾರಣಕ್ಕೆ ವಜಾ ಆದೇಶ ಬಂದರೆ, ಆದೇಶ ತಲುಪಿದ ದಿನದಿಂದ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬೇಕು. ಬಾಣಂತನದ ಕೋಣೆಯಲ್ಲಿರುವಾಗ ಈ 60 ದಿನ ಹೇಗೆ ಕಳೆಯಿತೆಂಬುದೇ ತಿಳಿಯುವುದಿಲ್ಲ. ಆದ್ದರಿಂದ ರಜೆಗೆ ಬಂದ ದಿನದಿಂದಲೇ ನಿಮ್ಮ ಕಚೇರಿ ಇಮೇಲ್ ಅನ್ನು ವಾರಕ್ಕೊಮ್ಮೆ ತೆರೆದು ನೋಡುವ ಹೊಣೆಯನ್ನು ಗಂಡನಿಗೋ ತಮ್ಮನಿಗೋ ತಂಗಿಗೋ ವಹಿಸಿರಿ. ಬೆಂಗಳೂರಿನ ಬಾಡಿಗೆ ಮನೆಯ ವಿಳಾಸಕ್ಕೆ ಬರುವ ರಿಜಿಸ್ಟರ್ ಅಂಚೆ ಬಾಗಿಲಿಂದ ಹಿಂದಿರುಗದಂತೆ, ಕಂಪನಿಯ ದಾಖಲೆಯಲ್ಲಿ ತವರಿನ ವಿಳಾಸವನ್ನೂ ಸೇರಿಸಿ ಬನ್ನಿ.